ಮಳೆಗಾಲದ ರಸ್ತೆಯೂ ಕಾರ್ಖಾನೆಯ ಟಯರೂ

ಜೂನ್ ತಿಂಗಳ ಎರಡನೆಯ ವಾರದಲ್ಲಿ ಮುಂಬಯಿಗೆ ಮೊದಲ ಮಳೆ ಬಂದಿತೆಂದರೆ ಊರಿಗೆ ಊರೇ ನಿಟ್ಟುಸಿರು ಬಿಡುತ್ತದೆ. ಆದರೆ ಗಾಡಿ ಓಡಿಸಿ ಹೊಟ್ಟೆ ಹೊರೆಯುವವರಿಗೆ ಆ ದಿನ ಸಂತೋಷದ ದಿನವಲ್ಲ. ಎಂಟು ತಿಂಗಳ ಧೂಳು, ಲಾರಿಗಳಿಂದ ಸೋರಿದ ಎಣ್ಣೆ, ಸವೆದ ರಬ್ಬರಿನ ಪುಡಿ ಇವೆಲ್ಲವೂ ಮೊದಲ ಹನಿಗಳೊಡನೆ ಕಲಸಿ ರಸ್ತೆಯ ಮೇಲೆ ತೆಳುವಾದ ಲೇಪವಾಗುತ್ತವೆ. ಮೇಲ್ಸೇತುವೆಯ ಕಬ್ಬಿಣದ ಜೋಡಣೆಗಳು, ಗಲ್ಲಿಗಳಲ್ಲಿ ಹಾಸಿರುವ ಸಿಮೆಂಟಿನ ಇಟ್ಟಿಗೆಗಳು, ರಸ್ತೆ ದಾಟಲು ಬಳಿದ ಬಿಳಿಯ ಪಟ್ಟಿಗಳು ಎಲ್ಲವೂ ಎಣ್ಣೆ ಸವರಿದ ಕಾವಲಿಯಂತಾಗುತ್ತವೆ. ಆ ದಿನ ಜಾರಿದವರ ಕಥೆಗಳು ಮರುದಿನ ಹೋಟೆಲುಗಳ ಮೇಜುಗಳ ಮೇಲೆ ಚಹದೊಡನೆ ಹರಡುತ್ತವೆ.

ಅಂತಹ ಒಂದು ಕಥೆಯನ್ನು ಮಾಟುಂಗಾದ ಹೋಟೆಲೊಂದರಲ್ಲಿ ನಾವು ಕೇಳಿದೆವು. ಹೇಳಿದವರು ಕುಂದಾಪುರದ ಕಡೆಯವರು. ಹನ್ನೆರಡು ವರ್ಷ ಹೋಟೆಲಿನಲ್ಲಿ ದುಡಿದು, ಗಲ್ಲಾದ ಮೇಲೆ ಕುಳಿತು, ಕೊನೆಗೆ ಕೂಡಿಟ್ಟ ಹಣಕ್ಕೆ ಬ್ಯಾಂಕಿನ ಸಾಲ ಸೇರಿಸಿ ಹೊಸ ಕಾರೊಂದನ್ನು ಕೊಂಡು ಬಾಡಿಗೆಗೆ ಓಡಿಸುತ್ತಿರುವವರು. ಗಾಡಿ ಕೊಂಡು ಏಳು ತಿಂಗಳಾಗಿತ್ತು. ಜುಲೈ ತಿಂಗಳ ಒಂದು ಸಂಜೆ ಮೇಲ್ಸೇತುವೆಯಿಂದ ಇಳಿಯುವಾಗ ಮುಂದಿನ ಗಾಡಿ ನಿಂತಿತು. ಇವರು ಬ್ರೇಕು ತುಳಿದರು. ಕಾರು ನಿಲ್ಲದೆ ಜಾರಿಕೊಂಡು ಹೋಗಿ ಅದಕ್ಕೆ ಬಡಿಯಿತು. ಯಾರಿಗೂ ಪೆಟ್ಟಾಗಲಿಲ್ಲವೆಂಬುದು ದೇವರ ದಯೆ. ಆದರೆ ಹದಿನೈದು ದಿನ ಗಾಡಿ ಗ್ಯಾರೇಜಿನಲ್ಲಿತ್ತು, ಬ್ಯಾಂಕಿನ ಕಂತು ಮಾತ್ರ ತನ್ನ ತಾರೀಖಿಗೆ ತಪ್ಪದೆ ಬಂದಿತು.

"ನಾನು ಓಡಿಸಿದ್ದು ನಲವತ್ತರಲ್ಲಿ ಮಾರಾಯ್ರೆ. ಬ್ರೇಕು ಸರಿ ಇತ್ತು. ಟಯರಿಗೆ ಏಳು ತಿಂಗಳು ಸಹ ಸರಿಯಾಗಿ ಆಗಿರಲಿಲ್ಲ. ಆದರೂ ಬರೆದದ್ದು ಮಾತ್ರ ಚಾಲಕನ ಅಜಾಗರೂಕತೆ ಎಂದು," ಎಂದರು ಅವರು.

ಗಾಡಿ ಮಾರಿದವರಲ್ಲಿಗೆ ಹೋದರೆ, ಟಯರು ತಮ್ಮ ವಸ್ತುವಲ್ಲ, ಟಯರಿನವರನ್ನು ಕೇಳಿರಿ ಎಂದರು. ಟಯರಿನವರು ನೋಡಿ, ಒಡಕಿಲ್ಲ, ಉಬ್ಬಿಲ್ಲ, ತಯಾರಿಕೆಯ ದೋಷವೇನೂ ಇಲ್ಲ ಎಂದರು. ಇಬ್ಬರ ಮಾತೂ ಕಾಗದದ ಮಟ್ಟಿಗೆ ಸರಿಯೇ. ಟಯರಿನ ಖಾತರಿಯನ್ನು ಸಾಮಾನ್ಯವಾಗಿ ಕೊಡುವವರು ಟಯರು ಮಾಡಿದವರೇ ಹೊರತು ಗಾಡಿ ಮಾಡಿದವರಲ್ಲ. ಆ ಖಾತರಿಯೂ ಒಡಕು ಉಬ್ಬುಗಳಿಗೆ ಮಾತ್ರ, ಒದ್ದೆ ರಸ್ತೆಯ ಹಿಡಿತಕ್ಕಲ್ಲ. ಆದರೆ ಆ ಟಯರನ್ನು ಆ ಗಾಡಿಗೆ ಆರಿಸಿದವರು ಯಾರು? ನಮ್ಮ ಮಿತ್ರರಂತೂ ಅಲ್ಲ. ಬಣ್ಣ ಯಾವುದು ಬೇಕು, ಸೀಟಿನ ಹೊದಿಕೆ ಯಾವುದು ಬೇಕು ಎಂದು ಅವರನ್ನು ಕೇಳಿದ್ದರು. ಟಯರಿನ ವಿಷಯ ಯಾರೂ ಕೇಳಿರಲಿಲ್ಲ. ಈ ಲೇಖನಕ್ಕೆ ಕಾರಣವಾದುದು ಆ ಪ್ರಶ್ನೆಯೇ.

ಅಡುಗೆಮನೆಯ ನೆಲದ ಪಾಠ

ಒದ್ದೆ ನೆಲದ ಮೇಲೆ ಜಾರುವುದೆಂದರೇನೆಂದು ಹೋಟೆಲಿನಲ್ಲಿ ದುಡಿದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪಾತ್ರೆ ತೊಳೆಯುವ ಮೋರಿಯ ಪಕ್ಕದಲ್ಲಿ ಬಿಸಿ ಸಾಂಬಾರಿನ ಪಾತ್ರೆ ಹೊತ್ತು ನಡೆದವರಿಗೆ ಎರಡು ಸಂಗತಿಗಳು ತಿಳಿದಿರುತ್ತವೆ. ತಳ ಸವೆದ ಚಪ್ಪಲಿ ನೀರಿನಲ್ಲಿ ಜಾರುತ್ತದೆ ಎಂಬುದು ಒಂದು. ತಳ ಸವೆಯದಿದ್ದರೂ, ಗಟ್ಟಿಯಾದ ಅಗ್ಗದ ಚಪ್ಪಲಿ ಹೊಸದಿರುವಾಗಲೇ ಜಾರುತ್ತದೆ ಎಂಬುದು ಇನ್ನೊಂದು. ಟಯರಿನ ವಿಷಯವೂ ಇಷ್ಟೇ.

ಕಾರು ಎಷ್ಟೇ ದೊಡ್ಡದಿರಲಿ, ಅದು ಭೂಮಿಯನ್ನು ಮುಟ್ಟುವುದು ನಾಲ್ಕು ಅಂಗೈಗಳಷ್ಟು ಜಾಗದಲ್ಲಿ ಮಾತ್ರ. ಒಂದೊಂದು ಟಯರು ನೆಲವನ್ನು ಮುಟ್ಟುವ ಭಾಗ ಸುಮಾರು ಒಂದು ಅಂಗೈಯ ಅಗಲ. ಓಡಿಸುವುದು, ತಿರುಗಿಸುವುದು, ನಿಲ್ಲಿಸುವುದು ಎಲ್ಲವೂ ಆ ನಾಲ್ಕು ಅಂಗೈಗಳ ಮೂಲಕವೇ ಆಗಬೇಕು. ಬ್ರೇಕು ಚಕ್ರವನ್ನು ನಿಲ್ಲಿಸುತ್ತದೆ. ಗಾಡಿಯನ್ನು ನಿಲ್ಲಿಸುವುದು ಟಯರು. ಚಕ್ರ ಬಿಗಿದುಕೊಳ್ಳದಂತೆ ನೋಡಿಕೊಳ್ಳುವ ಎ.ಬಿ.ಎಸ್. ಎಂಬ ಸಾಧನ ನಮ್ಮ ದೇಶದ ಕಾರುಗಳಿಗೆ 2019ರ ಏಪ್ರಿಲಿನಿಂದ ಕಡ್ಡಾಯವಾಗಿದೆ. ಅದು ಬಹಳ ಒಳ್ಳೆಯ ಸಾಧನ. ಆದರೆ ಇರುವ ಹಿಡಿತವನ್ನು ಅದು ಜಾಣತನದಿಂದ ಬಳಸಿಕೊಳ್ಳಬಲ್ಲದೇ ಹೊರತು, ಟಯರಿನಲ್ಲಿ ಇಲ್ಲದ ಹಿಡಿತವನ್ನು ತಂದುಕೊಡಲಾರದು.

ಒದ್ದೆ ರಸ್ತೆಯಲ್ಲಿ ಟಯರಿಗೆ ಎರಡು ಕೆಲಸಗಳಿವೆ. ಮೊದಲನೆಯದು ನೀರನ್ನು ಬದಿಗೆ ತಳ್ಳುವುದು. ಟಯರಿನ ಮೇಲಿನ ಕಾಲುವೆಗಳು ಇರುವುದು ಅದಕ್ಕಾಗಿಯೇ. ಲೆಕ್ಕ ಹಾಕಿ ನೋಡಿದರೆ ಆಶ್ಚರ್ಯವಾಗುತ್ತದೆ. ಹದಿನಾರು ಸೆಂಟಿಮೀಟರ್ ಅಗಲದ ಟಯರು, ಎರಡು ಮಿಲಿಮೀಟರ್ ನೀರು ನಿಂತ ರಸ್ತೆಯಲ್ಲಿ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋದರೆ, ಒಂದೊಂದು ಸೆಕೆಂಡಿಗೆ ಸುಮಾರು ಏಳು ಲೀಟರ್ ನೀರನ್ನು ಪಕ್ಕಕ್ಕೆ ಸರಿಸಬೇಕು. ಅಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅರ್ಧ ಬಕೆಟ್ಟು! ಸರಿಸಲಾರದೆ ಹೋದರೆ ಟಯರು ನೀರಿನ ಮೇಲೆ ತೇಲುತ್ತದೆ.

ಎರಡನೆಯ ಕೆಲಸ, ನೀರು ಸರಿದ ಮೇಲೆ ರಸ್ತೆಯ ತರಿಯನ್ನು ಹಿಡಿಯುವುದು. ಇದು ರಬ್ಬರಿನ ಗುಣಕ್ಕೆ ಸೇರಿದ ಮಾತು. ಮೃದುವಾದ ರಬ್ಬರು ಜಲ್ಲಿಯ ಸಣ್ಣ ಸಣ್ಣ ಮೊನೆಗಳ ಸುತ್ತ ಒತ್ತಿಕೊಂಡು, ಹಿಗ್ಗಿ ಕುಗ್ಗಿ, ತನ್ನಲ್ಲಿರುವ ಶಕ್ತಿಯನ್ನು ಬಿಸಿಯಾಗಿ ಕಳೆದುಕೊಳ್ಳುತ್ತದೆ. ಹೀಗೆ ಕಳೆದುಕೊಳ್ಳುವುದೇ ಹಿಡಿತ. ಗಟ್ಟಿಯಾಗಿ ಪುಟಿಯುವ ರಬ್ಬರು ಮೊನೆಗಳ ಮೇಲೆ ಹಾರಿಹೋಗುತ್ತದೆ.

ಮೈಲೇಜಿನ ಆಸೆ

ಹಾಗಾದರೆ ಕಾರ್ಖಾನೆಯವರು ಒಳ್ಳೆಯ ಹಿಡಿತದ ಟಯರನ್ನೇ ಏಕೆ ಹಾಕಬಾರದು? ಇಲ್ಲಿಯೇ ಕಥೆಯ ಗಂಟು ಇದೆ.

ಟಯರಿನಿಂದ ಮೂರು ಗುಣಗಳನ್ನು ನಾವು ಬಯಸುತ್ತೇವೆ. ಸುಲಭವಾಗಿ ಉರುಳಬೇಕು, ಆಗ ಪೆಟ್ರೋಲು ಉಳಿಯುತ್ತದೆ. ಬೇಗ ಸವೆಯಬಾರದು, ಆಗ ಬಹುಕಾಲ ಬರುತ್ತದೆ. ಒದ್ದೆಯಲ್ಲಿ ಹಿಡಿಯಬೇಕು, ಆಗ ಪ್ರಾಣ ಉಳಿಯುತ್ತದೆ. ಟಯರು ಮಾಡುವವರು ಇದನ್ನು ಮೂರು ಮೂಲೆಗಳ ತ್ರಿಕೋನವೆಂದು ಕರೆಯುತ್ತಾರೆ. ಒಂದು ಮೂಲೆಯನ್ನು ಎಳೆದರೆ ಇನ್ನೊಂದು ಕುಗ್ಗುತ್ತದೆ. ಶಕ್ತಿಯನ್ನು ಕಳೆದುಕೊಳ್ಳದ ರಬ್ಬರು ಸುಲಭವಾಗಿ ಉರುಳುತ್ತದೆ. ಆದರೆ ಮೇಲೆ ಹೇಳಿದಂತೆ, ಶಕ್ತಿಯನ್ನು ಕಳೆದುಕೊಳ್ಳುವುದೇ ಹಿಡಿತ.

ಇದಕ್ಕೊಂದು ಪರಿಹಾರ ದೊರೆಯದೆ ಇಲ್ಲ. ಜಾನ್ ಬಾಯ್ಡ್ ಡನ್‌ಲಪ್ ಅವರು 1888ರಲ್ಲಿ ಗಾಳಿ ತುಂಬಿದ ಟಯರಿಗೆ ಹಕ್ಕುಪತ್ರ ಪಡೆದ ಕಾಲದಿಂದ ರಬ್ಬರಿನ ಪಾಕ ಅನೇಕ ಸಲ ಬದಲಾಗಿದೆ. ಇಪ್ಪತ್ತನೆಯ ಶತಮಾನದ ಬಹುಭಾಗ ರಬ್ಬರಿಗೆ ಮಸಿಯ ಪುಡಿಯನ್ನು ಬೆರೆಸಿ ಗಟ್ಟಿ ಮಾಡುತ್ತಿದ್ದರು. ಟಯರಿನ ಕಪ್ಪು ಬಣ್ಣ ಅದರಿಂದಲೇ ಬಂದುದು. 1992ರಲ್ಲಿ ಫ್ರಾನ್ಸಿನ ಮಿಶೆಲಿನ್ ಸಂಸ್ಥೆ ಮಸಿಯ ಬಹುಪಾಲಿನ ಬದಲಾಗಿ ಸಿಲಿಕಾ ಎಂಬ ಪುಡಿಯನ್ನು ಬೆರೆಸಿದ ಟಯರನ್ನು ಮಾರುಕಟ್ಟೆಗೆ ತಂದಿತು. ಚಕ್ರ ಉರುಳುವ ನಿಧಾನ ಕಂಪನದಲ್ಲಿ ಇಂತಹ ರಬ್ಬರು ಶಕ್ತಿಯನ್ನು ಉಳಿಸುತ್ತದೆ, ಜಾರುವಾಗಿನ ವೇಗದ ಕಂಪನದಲ್ಲಿ ಶಕ್ತಿಯನ್ನು ನುಂಗುತ್ತದೆ. ಉರುಳುವಿಕೆ, ಹಿಡಿತ ಎರಡೂ ಒಂದೇ ಟಯರಿನಲ್ಲಿ ಸೇರಲು ದಾರಿಯಾದುದು ಹೀಗೆ. ಆದರೆ ಆ ಪಾಕಕ್ಕೆ ಖರ್ಚು ಹೆಚ್ಚು, ಬೆರೆಸುವ ಕಷ್ಟವೂ ಹೆಚ್ಚು. ಆದುದರಿಂದ ಎಷ್ಟು ಬೆರೆಸಬೇಕೆಂಬುದು ಕೊನೆಗೆ ಬೆಲೆಯ ಪ್ರಶ್ನೆಯಾಗುತ್ತದೆ.

ಗಾಡಿ ಮಾಡುವವರು ಲಕ್ಷಗಟ್ಟಲೆ ಟಯರುಗಳನ್ನು ಒಮ್ಮೆಗೇ ಕೊಳ್ಳುವವರು. ಒಂದೊಂದು ಟಯರಿನಲ್ಲಿ ನೂರು ರೂಪಾಯಿ ಉಳಿದರೂ ಅದು ದೊಡ್ಡ ಮೊತ್ತ. ಅಲ್ಲದೆ, 2017ರ ಏಪ್ರಿಲಿನಿಂದ ನಮ್ಮ ದೇಶದಲ್ಲಿ ಕಾರು ತಯಾರಕರು ತಾವು ಮಾರುವ ಎಲ್ಲ ಕಾರುಗಳ ಸರಾಸರಿ ಇಂಧನ ಬಳಕೆಯನ್ನು ಒಂದು ಮಿತಿಯೊಳಗೆ ಇಡಬೇಕೆಂಬ ನಿಯಮವಿದೆ. 2022ರಲ್ಲಿ ಅದು ಇನ್ನಷ್ಟು ಬಿಗಿಯಾಯಿತು. ನಿಯಮ ಒಳ್ಳೆಯದೇ. ಆದರೆ ಅದನ್ನು ಪಾಲಿಸಲು ಸುಲಭವಾದ ದಾರಿಗಳಲ್ಲಿ ಹಗುರವಾಗಿ ಉರುಳುವ ಟಯರೂ ಒಂದು. ಉರುಳುವಿಕೆಯ ಅಡ್ಡಿ ನೂರಕ್ಕೆ ಹತ್ತು ಭಾಗ ಕಡಿಮೆಯಾದರೆ ಇಂಧನದಲ್ಲಿ ನೂರಕ್ಕೆ ಒಂದೆರಡು ಭಾಗ ಉಳಿಯುತ್ತದೆಂದು ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಲಿಯ ತಜ್ಞರು 2006ರಲ್ಲಿ ಹೇಳಿದ್ದಾರೆ.

ಇಷ್ಟಕ್ಕೆ ಗಾಡಿ ಮಾಡುವವರನ್ನು ಮಾತ್ರ ದೂರುವುದು ನ್ಯಾಯವಲ್ಲ. "ಎಷ್ಟು ಕೊಡುತ್ತದೆ?" ಎಂಬುದು ಗಾಡಿಯ ಅಂಗಡಿಯಲ್ಲಿ ನಾವು ಕೇಳುವ ಮೊದಲ ಪ್ರಶ್ನೆ. ಒಂದು ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬ ಅಂಕೆಯನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕುವುದು ಗಿರಾಕಿಗಳಾದ ನಮ್ಮನ್ನು ಒಲಿಸಲಿಕ್ಕಾಗಿ. ಒದ್ದೆಯಲ್ಲಿ ಎಷ್ಟು ದೂರಕ್ಕೆ ನಿಲ್ಲುತ್ತದೆ ಎಂದು ಕೇಳಿದ ಗಿರಾಕಿಯನ್ನು ನಾವಂತೂ ಕಂಡಿಲ್ಲ, ಹೇಳಿದ ಮಾರಾಟಗಾರನನ್ನೂ ಕಂಡಿಲ್ಲ. ಯಾರೂ ಕೇಳದ ಗುಣಕ್ಕೆ ಯಾರು ತಾನೆ ಹಣ ಹಾಕಿಯಾರು?

ಹದಿನೈದು ಮೀಟರಿನ ಬೆಲೆ

ವ್ಯತ್ಯಾಸ ಎಷ್ಟೆಂಬುದನ್ನು ಅಂಕೆಗಳಲ್ಲಿ ನೋಡೋಣ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿರುವ ಕಾರು ಒಣ ರಸ್ತೆಯಲ್ಲಿ ಒಳ್ಳೆಯ ಹಿಡಿತವಿದ್ದರೆ ಬ್ರೇಕು ಹಿಡಿದ ಮೇಲೆ ಸುಮಾರು 20 ಮೀಟರಿನಲ್ಲಿ ನಿಲ್ಲುತ್ತದೆ. ಒದ್ದೆಯಲ್ಲಿ ಹಿಡಿತ ಅರ್ಧಕ್ಕಿಂತ ಸ್ವಲ್ಪ ಮೇಲೆ ಉಳಿಯಿತೆಂದು ಇಟ್ಟುಕೊಂಡರೆ ಅದೇ ಕಾರು ನಿಲ್ಲಲು ಸುಮಾರು 35 ಮೀಟರ್ ಬೇಕು. ಆ ಹದಿನೈದು ಮೀಟರಿನೊಳಗೆ ಮುಂದಿನ ಗಾಡಿ ಇರುತ್ತದೆ, ರಸ್ತೆ ದಾಟುವ ಮಗುವೂ ಇರಬಹುದು. ಇದಲ್ಲದೆ ಕಣ್ಣು ಕಂಡು ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲಿ ಕಾರು ಇನ್ನೂ 17 ಮೀಟರ್ ಮುಂದೆ ಹೋಗಿರುತ್ತದೆ.

ಟಯರಿನಿಂದ ಟಯರಿಗೂ ವ್ಯತ್ಯಾಸ ಸಣ್ಣದಲ್ಲ. ಐರೋಪ್ಯ ಒಕ್ಕೂಟದಲ್ಲಿ 2012ರ ನವೆಂಬರಿನಿಂದ ಮಾರುವ ಟಯರುಗಳಿಗೆ ದರ್ಜೆಯ ಚೀಟಿ ಕಡ್ಡಾಯವಾಯಿತು. ಇಂಧನ, ಒದ್ದೆ ಹಿಡಿತ, ಸದ್ದು ಈ ಮೂರಕ್ಕೂ ಅದರಲ್ಲಿ ದರ್ಜೆ ಇರುತ್ತದೆ. ಅತ್ಯುತ್ತಮ ದರ್ಜೆಯ ನಾಲ್ಕು ಟಯರುಗಳಿಗೂ ಅತಿ ಕೆಳಗಿನ ದರ್ಜೆಯ ನಾಲ್ಕಕ್ಕೂ, 80 ಕಿಲೋಮೀಟರ್ ವೇಗದಿಂದ ಒದ್ದೆಯಲ್ಲಿ ನಿಲ್ಲುವ ದೂರದಲ್ಲಿ ಸುಮಾರು 18 ಮೀಟರಿನವರೆಗೆ ಅಂತರವಿರುತ್ತದೆಂದು ಅಲ್ಲಿನ ಅಧಿಕಾರಿಗಳು ತಿಳಿಸಿದ್ದರು. ನಾಲ್ಕು ಕಾರುಗಳನ್ನು ಸಾಲಾಗಿ ನಿಲ್ಲಿಸಿದಷ್ಟು ಉದ್ದ!

ತೇಲುವ ಅಪಾಯಕ್ಕೂ ಒಂದು ಲೆಕ್ಕವಿದೆ. 1960ರ ದಶಕದಲ್ಲಿ ಅಮೆರಿಕದ ನಾಸಾ ಸಂಸ್ಥೆಯವರು ವಿಮಾನಗಳು ಒದ್ದೆ ಓಡುದಾರಿಯಲ್ಲಿ ಜಾರುವುದನ್ನು ಪರೀಕ್ಷಿಸಿ, ತೇಲುವ ವೇಗ ಟಯರಿನ ಗಾಳಿಯ ಒತ್ತಡವನ್ನು ಅವಲಂಬಿಸಿದೆಯೆಂದು ಕಂಡರು. ರಸ್ತೆಯ ನೀರು ಟಯರಿನ ಕಾಲುವೆಗಳನ್ನು ಮೀರಿದಾಗ, ಅವರ ಸೂತ್ರದ ಪ್ರಕಾರ 32 ಪೌಂಡು ಗಾಳಿಯಿರುವ ಟಯರು ಸುಮಾರು 94 ಕಿಲೋಮೀಟರ್ ವೇಗದಲ್ಲಿ ತೇಲುತ್ತದೆ. ಗಾಳಿ 24 ಪೌಂಡಿಗೆ ಇಳಿದಿದ್ದರೆ 82ರಲ್ಲಿಯೇ ತೇಲುತ್ತದೆ. ಮುಂಬಯಿ-ಪುಣೆ ಹೆದ್ದಾರಿಯ ಸಮತಟ್ಟಾದ ಭಾಗದಲ್ಲಿ ಮಳೆಯಲ್ಲಿಯೂ ನೂರರ ಹತ್ತಿರ ಓಡಿಸುವವರು ಈ ಎರಡು ಅಂಕೆಗಳನ್ನು ನೆನಪಿಡಬೇಕು.

ಕಾನೂನು ಏನು ಹೇಳುತ್ತದೆ

ನಮ್ಮ ದೇಶದಲ್ಲಿಯೂ ಕಾನೂನು ಸುಮ್ಮನೆ ಕುಳಿತಿಲ್ಲ. 2022ರಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವು ಕಾರು, ಬಸ್ಸು, ಲಾರಿಗಳ ಟಯರುಗಳಿಗೆ ಉರುಳುವಿಕೆ, ಒದ್ದೆ ಹಿಡಿತ, ಸದ್ದು ಇವುಗಳಲ್ಲಿ ಕನಿಷ್ಠ ಮಟ್ಟವನ್ನು ಕಡ್ಡಾಯಗೊಳಿಸಿತು. ಹೊಸ ವಿನ್ಯಾಸದ ಟಯರುಗಳಿಗೆ ಆ ವರ್ಷದ ಅಕ್ಟೋಬರಿನಿಂದಲೂ, ಮೊದಲಿನಿಂದ ತಯಾರಾಗುತ್ತಿದ್ದವುಗಳಿಗೆ ಅನಂತರವೂ ಇದು ಅನ್ವಯಿಸಿತು. ಇದು ಸ್ವಾಗತಾರ್ಹವಾದ ಹೆಜ್ಜೆ. ಆದರೆ ಕನಿಷ್ಠ ಮಟ್ಟವೆಂದರೆ ಪರೀಕ್ಷೆಯಲ್ಲಿ ಮೂವತ್ತೈದು ಅಂಕ ಪಡೆದು ಪಾಸಾದಂತೆ. ಮೂವತ್ತೈದು ಬಂದವನೂ ತೊಂಬತ್ತು ಬಂದವನೂ ಒಂದೇ ತರಗತಿಗೆ ಹೋಗುತ್ತಾರೆ. ಯಾರಿಗೆ ಎಷ್ಟು ಬಂದಿತೆಂಬುದು ಗಿರಾಕಿಗೆ ತಿಳಿಯಬೇಡವೆ?

ಈ ಮಾತಿನಲ್ಲಿ ಐರೋಪ್ಯರು ಒಂದು ಹೆಜ್ಜೆ ಮುಂದೆ ಹೋದರು. 2021ರ ಮೇ ತಿಂಗಳಿನಿಂದ ಅಲ್ಲಿ ಹೊಸ ಗಾಡಿ ಮಾರುವವರು, ಅದರೊಡನೆ ಬರುವ ಟಯರಿನ ದರ್ಜೆಯ ಚೀಟಿಯನ್ನು ಮಾರಾಟಕ್ಕೆ ಮೊದಲೇ ಗಿರಾಕಿಗೆ ತೋರಿಸಬೇಕು. ಕಾರ್ಖಾನೆಯ ಟಯರು ಗುಟ್ಟಿನ ವಸ್ತುವಾಗಿ ಉಳಿಯಬಾರದೆಂಬುದೇ ಇದರ ತಾತ್ಪರ್ಯ. ಅಲ್ಲಿ ಬೀಳುವ ಮಳೆ ನಮ್ಮ ಮಳೆಯ ಮುಂದೆ ಯಾವ ಲೆಕ್ಕ? 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರ್ ಮಳೆ ಸುರಿದ ಊರು ನಮ್ಮದು. ಇಂತಹ ಊರಿನ ಗಿರಾಕಿಗೂ ಗಾಡಿಯ ಬೆಲೆಪಟ್ಟಿಯ ಪಕ್ಕದಲ್ಲಿಯೇ ಟಯರಿನ ಒದ್ದೆ ಹಿಡಿತದ ದರ್ಜೆ ಕಾಣಿಸಬೇಕು. ಇದು ನಮ್ಮ ಸ್ಪಷ್ಟವಾದ ಅಭಿಪ್ರಾಯ.

ಚಾಲಕ ಬಂಧುಗಳಿಗೆ

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದನ್ನು ನಾವು ಮಾಡಬೇಕಾಗುತ್ತದೆ. ಟಯರಿನ ಕಾಲುವೆಗಳ ನಡುವೆ ಸಣ್ಣ ದಿಣ್ಣೆಗಳಿರುತ್ತವೆ. ಟಯರಿನ ಅಂಚಿನಲ್ಲಿ ಟಿ.ಡಬ್ಲ್ಯೂ.ಐ. ಎಂಬ ಅಕ್ಷರಗಳೋ ಚಿಕ್ಕ ತ್ರಿಕೋನವೋ ಅವುಗಳ ಜಾಗವನ್ನು ತೋರಿಸುತ್ತವೆ. ರಬ್ಬರು ಸವೆದು ದಿಣ್ಣೆಗೆ ಸಮವಾದರೆ ಕಾಲುವೆಯ ಆಳ 1.6 ಮಿಲಿಮೀಟರಿಗೆ ಇಳಿದಿದೆಯೆಂದು ಅರ್ಥ. ಕಾರಿಗೆ ಕಾನೂನಿನ ಕೊನೆಯ ಗಡಿ ಅದು. ಆದರೆ ಮಳೆಯ ನೀರು ಆ ಗಡಿಯವರೆಗೆ ಕಾಯುವುದಿಲ್ಲ. ಆಳ ಮೂರು ಮಿಲಿಮೀಟರಿಗೆ ಬಂದಾಗಲೇ ಒದ್ದೆ ಹಿಡಿತ ಬೇಗ ಬೇಗನೆ ಇಳಿಯತೊಡಗುತ್ತದೆ. ಮೇ ತಿಂಗಳಲ್ಲಿ ಮೂರು ಮಿಲಿಮೀಟರ್ ಉಳಿದ ಟಯರನ್ನು ಮಳೆಗಾಲ ಕಳೆದ ಮೇಲೆ ಬದಲಾಯಿಸೋಣ ಎನ್ನುವುದು ತಲೆಕೆಳಗಾದ ಲೆಕ್ಕ.

ಟಯರಿನ ಪಕ್ಕದಲ್ಲಿ ನಾಲ್ಕು ಅಂಕೆಗಳಿರುತ್ತವೆ. ಮೊದಲಿನ ಎರಡು ವಾರವನ್ನೂ ಮುಂದಿನ ಎರಡು ವರ್ಷವನ್ನೂ ಹೇಳುತ್ತವೆ. 2324 ಎಂದಿದ್ದರೆ ಅದು 2024ನೆಯ ಇಸವಿಯ ಇಪ್ಪತ್ತಮೂರನೆಯ ವಾರದಲ್ಲಿ ಆದ ಟಯರು. ಹಳತಾದ ರಬ್ಬರು ಸವೆಯದಿದ್ದರೂ ಗಟ್ಟಿಯಾಗುತ್ತದೆ, ಗಟ್ಟಿಯಾದುದು ಜಾರುತ್ತದೆ. ಹೊಸ ಟಯರು ಕೊಳ್ಳುವಾಗ ಈ ಅಂಕೆಯನ್ನು ಓದಿಯೇ ಹಣ ಕೊಡಬೇಕು. ಎರಡೇ ಟಯರು ಬದಲಾಯಿಸಲು ಕೈ ಸಾಗಿದರೆ, ಹೊಸವನ್ನು ಹಿಂದಿನ ಚಕ್ರಗಳಿಗೆ ಹಾಕಿಸಬೇಕೆಂದು ಬಲ್ಲವರು ಹೇಳುತ್ತಾರೆ. ಮುಂದಿನ ಚಕ್ರ ಜಾರಿದರೆ ಚಾಲಕನಿಗೆ ತಿಳಿಯುತ್ತದೆ, ವೇಗ ಇಳಿಸಬಹುದು. ಹಿಂದಿನದು ಜಾರಿದರೆ ಗಾಡಿಯೇ ತಿರುಗಿ ನಿಲ್ಲುತ್ತದೆ. ಗಾಳಿಯನ್ನು ವಾರಕ್ಕೊಮ್ಮೆ ನೋಡಿಸುವುದಕ್ಕೆ ಖರ್ಚೇನೂ ಇಲ್ಲ.

ಎಲ್ಲಕ್ಕಿಂತ ಅಗ್ಗವಾದ ಮದ್ದು ವೇಗ ಇಳಿಸುವುದು. ಒದ್ದೆಯಲ್ಲಿ 60ರಿಂದ ನಿಲ್ಲಲು 35 ಮೀಟರ್ ಬೇಕಾದ ಕಾರಿಗೆ 50ರಿಂದ 25 ಮೀಟರ್ ಸಾಕು. ಚೌತಿಗೆ ಊರಿಗೆ ಹೊರಡುವ ನಮ್ಮವರು ಪರಶುರಾಮ ಘಾಟಿ, ಕಶೇಡಿ ಘಾಟಿಗಳ ಹಾದಿಯಲ್ಲಿ ಈ ಮಾತನ್ನು ಮರೆಯಬಾರದು.

ಹೋಟೆಲಿನ ಸ್ಕೂಟರು

ಕೊನೆಯಲ್ಲಿ ಒಂದು ಮಾತನ್ನು ಹೋಟೆಲು ನಡೆಸುವ ನಮ್ಮ ಹಿರಿಯರಿಗೆ ವಿನಯದಿಂದ ಹೇಳಬೇಕಾಗಿದೆ. ಇಂದು ಅನೇಕ ಹೋಟೆಲುಗಳ ಬಾಗಿಲಿನಲ್ಲಿ ಎರಡು ಮೂರು ಸ್ಕೂಟರುಗಳು ನಿಂತಿರುತ್ತವೆ. ಇಡ್ಲಿಯ ಹಿಟ್ಟು, ಹಾಲಿನ ಚೀಲ, ಕಚೇರಿಗಳ ಊಟದ ಡಬ್ಬ ಎಲ್ಲವೂ ಅವುಗಳ ಮೇಲೆಯೇ ಹೋಗುತ್ತವೆ. ಓಡಿಸುವವರು ಊರಿನಿಂದ ಬಂದ ಹುಡುಗರು. ನಾಲ್ಕು ಚಕ್ರದ ಗಾಡಿ ಜಾರಿದರೆ ತಗಡು ಬಾಗುತ್ತದೆ. ಎರಡು ಚಕ್ರದ ಗಾಡಿ ಜಾರಿದರೆ ಮೂಳೆ ಮುರಿಯುತ್ತದೆ. ಆ ಸ್ಕೂಟರುಗಳ ಟಯರುಗಳನ್ನು ನಾವು ಬಗ್ಗಿ ನೋಡಿದಾಗ ಕೆಲವು ಬೋಳಾಗಿದ್ದವು. ಒಬ್ಬ ಹುಡುಗನನ್ನು ಕೇಳಿದರೆ, "ಗಾಡಿ ಧಣಿಗಳದ್ದು, ನಾನು ಹೇಗೆ ಹೇಳಲಿ?" ಎಂದನು.

ಕಾರ್ಖಾನೆಯವರು ಟಯರು ಆರಿಸಿ ನಮ್ಮ ಕುಂದಾಪುರದ ಮಿತ್ರರಿಗೆ ಕೊಟ್ಟರು. ಜಾರಿದಾಗ ತಪ್ಪು ಅವರದಾಯಿತು. ಧಣಿಗಳು ಟಯರು ಬದಲಾಯಿಸದೆ ಹುಡುಗನಿಗೆ ಗಾಡಿ ಕೊಟ್ಟರೆ ಜಾರಿದಾಗ ತಪ್ಪು ಅವನದಾಗುತ್ತದೆ. ಆರಿಸುವವರು ಒಬ್ಬರು, ಬೀಳುವವರು ಇನ್ನೊಬ್ಬರು. ಕಾರ್ಖಾನೆಯವರ ಮೇಲೆ ನಮ್ಮ ದೂರು ಸರಿಯಾದುದಾದರೆ, ಅದೇ ದೂರು ನಮ್ಮ ಮನೆಯ ಬಾಗಿಲಿಗೂ ಬರುತ್ತದೆ. ಮಳೆ ಬರುವ ಮೊದಲು ಹೋಟೆಲಿನ ಛಾವಣಿಗೆ ತಾಡಪತ್ರಿ ಹೊದಿಸುವವರು ಸ್ಕೂಟರಿನ ಎರಡು ಟಯರುಗಳನ್ನೂ ಆ ಖರ್ಚಿನ ಪಟ್ಟಿಯಲ್ಲಿಯೇ ಬರೆದುಕೊಳ್ಳಬೇಕೆಂದು ನಮ್ಮ ಬಿನ್ನಹ.

ನಮ್ಮ ಮಿತ್ರರು ಮಾತ್ರ ಈ ವರ್ಷದ ಮೇ ತಿಂಗಳಲ್ಲಿಯೇ ನಾಲ್ಕೂ ಟಯರುಗಳನ್ನು ಬದಲಾಯಿಸಿದರು. ಅರ್ಧವೂ ಸವೆಯದ ಹಳೆಯವನ್ನು ಅಂಗಡಿಯವನು ಕಡಿಮೆ ಬೆಲೆಗೆ ತೆಗೆದುಕೊಂಡನಂತೆ. "ನಷ್ಟವಾಗಲಿಲ್ಲವೆ?" ಎಂದು ಕೇಳಿದೆವು. "ಆಯ್ತು ಮಾರಾಯ್ರೆ, ಎರಡು ಕಂತಿನಷ್ಟು. ಮೈಲೇಜೂ ಸ್ವಲ್ಪ ಇಳಿದಿದೆ. ಆದರೆ ಮೊನ್ನೆ ಅದೇ ಸೇತುವೆ ಇಳಿಯುವಾಗ ಬ್ರೇಕು ಹಿಡಿದೆ, ಗಾಡಿ ನಿಂತಿತು," ಎಂದರು.